ಬಯಲು ಯಾರದು? ಮುಂಬಯಿಯ ಮೈದಾನ ಮತ್ತು ಉದ್ಯಾನಗಳ ಕಥೆ

ಮುಂಬಯಿ ನಗರದ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂದರು, ನಡುವೆ ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡ ಕಿರಿದಾದ ನೆಲ. ಒಂದಂಗುಲ ಜಾಗಕ್ಕೂ ಬೆಲೆ ಕಟ್ಟುವ ಈ ನಗರದ ದಕ್ಷಿಣ ಭಾಗದಲ್ಲಿ, ದೊಡ್ಡ ದೊಡ್ಡ ಕಟ್ಟಡಗಳ ಮಧ್ಯೆ ಹಸಿರು ಬಣ್ಣದ ಕೆಲವು ತುಂಡುಗಳು ಕಾಣುತ್ತವೆ. ಕೂಪರೇಜ್, ಓವಲ್, ಕ್ರಾಸ್ ಮೈದಾನ, ಆಜಾದ್ ಮೈದಾನ. ಇನ್ನೂ ಮೇಲಕ್ಕೆ ಕಣ್ಣು ಹಾಯಿಸಿದರೆ ಗಿರ್‌ಗಾಂವ್ ಚೌಪಾಟಿಯ ಮರಳ ದಂಡೆ, ಆಗಸ್ಟ್ ಕ್ರಾಂತಿ ಮೈದಾನ, ಭಾಯಖಳಾದ ರಾಣಿ ಬಾಗ್, ದಾದರಿನ ಶಿವಾಜಿ ಪಾರ್ಕ್.

ಇಷ್ಟು ಇಕ್ಕಟ್ಟಾದ ಊರಿನಲ್ಲಿ ಇಷ್ಟು ಬಯಲು ಹೇಗೆ ಉಳಿಯಿತು? ಯಾರು ಉಳಿಸಿದರು? ಅಲ್ಲಿ ಆಡುವ, ಕೂಡುವ, ಹಾಡುವ ಹಕ್ಕು ಎಲ್ಲರಿಗೂ ಮೊದಲಿನಿಂದಲೇ ಇತ್ತೆ? ಇತಿಹಾಸದ ಪಠ್ಯಪುಸ್ತಕಗಳಲ್ಲಿ ನಾವು ಕೋಟೆ ಕೊತ್ತಲಗಳನ್ನು, ಯುದ್ಧ ಒಪ್ಪಂದಗಳನ್ನು ಓದುತ್ತೇವೆ. ಆಟದ ಬಯಲಿಗೂ ಒಂದು ಇತಿಹಾಸವಿದೆ ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮುಂಬಯಿಯ ಮೈದಾನಗಳ ಕಥೆಯನ್ನು ಕೇಳಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಸಾರ್ವಜನಿಕ ಬಯಲು ಯಾರೋ ಕೊಟ್ಟ ಉಡುಗೊರೆಯಾಗಿ ಜನರ ಕೈಗೆ ಬಂದದ್ದಲ್ಲ, ಅದನ್ನು ಬಳಸಿದವರು, ಬಳಸಲು ಬಿಡದಿದ್ದಾಗ ಕೇಳಿದವರು ಅದನ್ನು ಸಾರ್ವಜನಿಕವಾಗಿ ಮಾಡಿದರು.

ಫಿರಂಗಿಗಾಗಿ ಉಳಿದ ನೆಲ

1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮತ್ತು ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಅವರ ವಿವಾಹ ಒಪ್ಪಂದವಾಯಿತು. ಅದರ ಭಾಗವಾಗಿ ಮುಂಬಯಿ ಪೋರ್ಚುಗೀಸರಿಂದ ಇಂಗ್ಲಿಷರಿಗೆ ಸೇರಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟ. ಆಗ ಅದು ಏಳು ಸಣ್ಣ ದ್ವೀಪಗಳ ಗುಂಪು. ಕಂಪನಿಯವರು ಬಂದರಿನ ಪಕ್ಕದಲ್ಲಿ ತಮ್ಮ ಕೋಟೆಯನ್ನು ಬಲಪಡಿಸಿ, ಪೇಟೆಯ ಸುತ್ತ ಗೋಡೆ ಎಬ್ಬಿಸಿದರು. 1739ರಲ್ಲಿ ಮರಾಠರು ಪೋರ್ಚುಗೀಸರಿಂದ ವಸಯಿ ಕೋಟೆಯನ್ನು ಗೆದ್ದಾಗ ಮುಂಬಯಿಯ ಇಂಗ್ಲಿಷರಿಗೆ ಭೀತಿ ಹುಟ್ಟಿತು. ಗೋಡೆಯ ಹೊರಗೆ ಕಂದಕ ತೋಡಿಸಿದರು.

ಕೋಟೆಯ ಮೇಲಿನ ಫಿರಂಗಿಗಳು ಕೆಲಸ ಮಾಡಬೇಕಾದರೆ ಎದುರಿಗೆ ಮರೆ ಇರಬಾರದು. ಶತ್ರು ಅವಿತುಕೊಳ್ಳಲು ಮನೆಯಾಗಲಿ ಮರವಾಗಲಿ ಸಿಗಬಾರದು. ಆದ್ದರಿಂದ ಗೋಡೆಯ ಹೊರಗಿನ ಮನೆಗಳನ್ನು ಕೆಡವಿ, ತೆಂಗಿನ ತೋಟಗಳನ್ನು ಕಡಿದು ನೆಲವನ್ನು ಬೋಳಾಗಿ ಇಟ್ಟರು. 1803ರಲ್ಲಿ ಕೋಟೆಯೊಳಗಿನ ಪೇಟೆಗೆ ದೊಡ್ಡ ಬೆಂಕಿ ಬಿದ್ದ ಮೇಲೆ ಈ ಬಯಲನ್ನು ಇನ್ನಷ್ಟು ವಿಸ್ತರಿಸಲಾಯಿತು. ಇದಕ್ಕೆ ಎಸ್‌ಪ್ಲನೇಡ್ ಎಂದು ಹೆಸರು. ಇಂದು ಹುಡುಗರು ಕ್ರಿಕೆಟ್ ಆಡುವ ಓವಲ್, ಕ್ರಾಸ್ ಮೈದಾನ, ಆಜಾದ್ ಮೈದಾನ, ಕೂಪರೇಜ್ ಎಲ್ಲವೂ ಆ ಒಂದೇ ಬಯಲಿನ ತುಂಡುಗಳು. ಯುದ್ಧದ ಭಯದಿಂದ ಹುಟ್ಟಿದ ಬಯಲು ಕಾಲಾನಂತರ ಆಟದ ಬಯಲಾಯಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಕೋಟೆಗೆ ಶತ್ರುಗಳು ಉಳಿದಿರಲಿಲ್ಲ. ಗೋಡೆಯೊಳಗೆ ಜನಸಂದಣಿ ಮಾತ್ರ ಉಸಿರುಗಟ್ಟುವಷ್ಟು ಬೆಳೆದಿತ್ತು. 1862ರಲ್ಲಿ ಗವರ್ನರ್ ಆಗಿ ಬಂದ ಬಾರ್ಟಲ್ ಫ್ರೀರ್ ಗೋಡೆಗಳನ್ನು ಕೆಡವಿಸುವ ಕೆಲಸವನ್ನು ಕೈಗೊಂಡ. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತುಹೋಗಿ, ಮುಂಬಯಿಯಿಂದ ಹೋಗುವ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ನಮ್ಮ ಧಾರವಾಡದ ಕಡೆಯ ಹತ್ತಿಗೂ ಆಗ ಬೇಡಿಕೆ ಹೆಚ್ಚಿದ್ದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಆ ಕಾಲದ ಉತ್ಸಾಹದಲ್ಲಿ ಯೋಜಿಸಿದ ಸಾರ್ವಜನಿಕ ಕಟ್ಟಡಗಳು ಎಸ್‌ಪ್ಲನೇಡಿನ ಉದ್ದಕ್ಕೂ ಸಾಲಾಗಿ ಎದ್ದವು. 1878ರಲ್ಲಿ ಉಚ್ಚ ನ್ಯಾಯಾಲಯದ ಕಟ್ಟಡವೂ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರವೂ ಮುಗಿದವು. ಅವುಗಳ ಮುಂದೆ ಓವಲ್ ಬಯಲು ಹಾಗೆಯೇ ಉಳಿಯಿತು.

ಕೋಟೆಯೊಳಗೆ ಬಾಂಬೆ ಗ್ರೀನ್ ಎಂಬ ಹಳೆಯ ಬಯಲಿತ್ತು. ಅದನ್ನು ಸುತ್ತುವರಿದ ಕಟ್ಟಡಗಳ ನಡುವಿನ ಉದ್ಯಾನವಾಗಿ ಮಾರ್ಪಡಿಸಿ ಎಲ್ಫಿನ್‌ಸ್ಟನ್ ಸರ್ಕಲ್ ಎಂದು ಕರೆದರು. ಸ್ವಾತಂತ್ರ್ಯಾನಂತರ ಅದು ಹಾರ್ನಿಮನ್ ಸರ್ಕಲ್ ಆಯಿತು. ಬಿ. ಜಿ. ಹಾರ್ನಿಮನ್ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ. ಭಾರತೀಯರ ಪರವಾಗಿ ಬರೆದದ್ದಕ್ಕಾಗಿ 1919ರಲ್ಲಿ ಸರಕಾರ ಈ ಇಂಗ್ಲಿಷ್ ಪತ್ರಕರ್ತನನ್ನು ಗಡೀಪಾರು ಮಾಡಿತ್ತು. ಗವರ್ನರನ ಹೆಸರು ಹೋಗಿ ಗಡೀಪಾರಾದವನ ಹೆಸರು ಬಂದ ಉದ್ಯಾನ ಅದು.

ರಾಣಿ ಬಾಗ್ ಮತ್ತು ಕಲ್ಲಾನೆ

ಬಯಲು ಬೇರೆ, ಉದ್ಯಾನ ಬೇರೆ. ಬಯಲಿಗೆ ಬೇಲಿ ಇರುವುದಿಲ್ಲ, ಯಾರೂ ಅದನ್ನು ಅಲಂಕರಿಸುವುದಿಲ್ಲ. ಉದ್ಯಾನಕ್ಕೆ ಗೇಟು ಇರುತ್ತದೆ, ಸಮಯ ಇರುತ್ತದೆ, ನಿಯಮ ಇರುತ್ತದೆ. ಇಂಗ್ಲಿಷರು ಉದ್ಯಾನವನ್ನು ವಿಹಾರದ ಸ್ಥಳವೆಂದು ಮಾತ್ರ ಭಾವಿಸದೆ ಜನರಿಗೆ ಪಾಠ ಕಲಿಸುವ ಸ್ಥಳವೆಂದೂ ಬಗೆದಿದ್ದರು. 1862ರಲ್ಲಿ ಭಾಯಖಳಾದಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಪ್ರಾರಂಭವಾಯಿತು. ದೇಶವಿದೇಶಗಳ ಸಸ್ಯಗಳನ್ನು ಅಲ್ಲಿ ಬೆಳೆಸಿದರು, ಮುಂದೆ ಪ್ರಾಣಿಗಳನ್ನೂ ತಂದಿಟ್ಟರು. ಅದರ ಆವರಣದಲ್ಲೇ 1872ರಲ್ಲಿ ವಸ್ತು ಸಂಗ್ರಹಾಲಯ ತೆರೆಯಿತು. ಇದರ ಸ್ಥಾಪನೆಗೆ ದುಡಿದವರಲ್ಲಿ ಭಾವೂ ದಾಜಿ ಲಾಡ್ ಮತ್ತು ಜಗನ್ನಾಥ ಶಂಕರಶೇಟ್ ಪ್ರಮುಖರು. ವೈದ್ಯರೂ ವಿದ್ವಾಂಸರೂ ಆಗಿದ್ದ ಭಾವೂ ದಾಜಿಯವರ ಹೆಸರನ್ನು 1975ರಲ್ಲಿ ಸಂಗ್ರಹಾಲಯಕ್ಕೆ ಇಡಲಾಯಿತು. ಉದ್ಯಾನಕ್ಕೆ ಈಗ ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿಯವರ ಹೆಸರಿದೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ರಾಣಿ ಬಾಗ್.

ಈ ಆವರಣದಲ್ಲಿ ಒಂದು ದೊಡ್ಡ ಕಲ್ಲಾನೆ ನಿಂತಿದೆ. ಬಂದರಿನ ಆಚೆಗಿರುವ ಘಾರಾಪುರಿ ದ್ವೀಪದ ಆನೆ ಇದು. ಇದನ್ನು ಕಂಡೇ ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಎತ್ತುವ ಯಂತ್ರ ಮುರಿದು ಆನೆ ಚೂರು ಚೂರಾಯಿತು. ಆ ಚೂರುಗಳು ಮುಂಬಯಿಯಲ್ಲೇ ಉಳಿದವು. 1914ರಲ್ಲಿ ಅವನ್ನು ಜೋಡಿಸಿ ಉದ್ಯಾನದಲ್ಲಿ ನಿಲ್ಲಿಸಿದರು. ಭಾನುವಾರ ಮಕ್ಕಳನ್ನು ಕರೆದುಕೊಂಡು ಪ್ರಾಣಿಗಳನ್ನು ನೋಡಲು ಬರುವ ಗಿರಣಿ ಕಾರ್ಮಿಕನ ಕುಟುಂಬ ಈ ಆನೆಯನ್ನೂ ನೋಡಿಕೊಂಡು ಹೋಗುತ್ತಿತ್ತು. ಪಾಠ ಕಲಿಸಲೆಂದು ಮಾಡಿದ ತೋಟವನ್ನು ಜನ ತಮ್ಮ ಜಾತ್ರೆಯ ಜಾಗವಾಗಿ ಮಾಡಿಕೊಂಡರು.

ಕುದುರೆಯ ಗೊರಸು, ಕ್ರಿಕೆಟ್ಟಿನ ಚೆಂಡು

ಈಗ ಮತ್ತೆ ಎಸ್‌ಪ್ಲನೇಡ್ ಬಯಲಿಗೆ ಬರೋಣ. ಮುಂಬಯಿಯ ಭಾರತೀಯರಲ್ಲಿ ಮೊದಲು ಕ್ರಿಕೆಟ್ ಕಲಿತವರು ಪಾರ್ಸಿ ಹುಡುಗರು. ಇಂಗ್ಲಿಷ್ ಸೈನಿಕರು ಆಡುವುದನ್ನು ನೋಡಿ ನೋಡಿ ಕಲಿತರು. 1848ರಲ್ಲಿ ಓರಿಯಂಟಲ್ ಕ್ರಿಕೆಟ್ ಕ್ಲಬ್ ಎಂಬ ಸಂಘವನ್ನು ಕಟ್ಟಿಕೊಂಡರು. ಮುಂದಿನ ವರ್ಷಗಳಲ್ಲಿ ಇಂಥ ಹತ್ತಾರು ಸಂಘಗಳು ಹುಟ್ಟಿದವು. ಹಿಂದೂ ಹುಡುಗರೂ ಮುಸ್ಲಿಂ ಹುಡುಗರೂ ಬ್ಯಾಟು ಹಿಡಿದರು. ಸಂಜೆಯಾದರೆ ಬಯಲಿನ ತುಂಬ ಆಟಗಾರರು.

1875ರಲ್ಲಿ ಯುರೋಪಿಯನ್ನರು ಅದೇ ಬಯಲಿನ ಅಂಚಿನಲ್ಲಿ ಬಾಂಬೆ ಜಿಮ್‌ಖಾನಾವನ್ನು ಸ್ಥಾಪಿಸಿದರು. ಅಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಜಿಮ್‌ಖಾನಾಕ್ಕೆ ತನ್ನದೇ ಆದ ಒಳ್ಳೆಯ ಅಂಕಣವಿತ್ತು. ಅಷ್ಟು ಸಾಲದೆಂಬಂತೆ ಯುರೋಪಿಯನ್ ಅಧಿಕಾರಿಗಳು ಪೋಲೊ ಆಡಲು, ಭಾರತೀಯ ಹುಡುಗರು ಕ್ರಿಕೆಟ್ ಆಡುತ್ತಿದ್ದ ಭಾಗವನ್ನು ಬಳಸತೊಡಗಿದರು. ಕುದುರೆಗಳ ಗೊರಸಿನಿಂದ ನೆಲ ಕಿತ್ತುಹೋಯಿತು. ಹೊಂಡ ಬಿದ್ದ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೋ ಹೇಳುವಂತಿರಲಿಲ್ಲ. ಆಡುವವರಿಗೆ ಅಪಾಯವೂ ಆಗುತ್ತಿತ್ತು.

ಇಲ್ಲಿಂದ ಒಂದು ವಿಚಿತ್ರ ಹೋರಾಟ ಆರಂಭವಾಯಿತು. 1881ರಲ್ಲಿ ನೂರಾರು ಭಾರತೀಯ ಆಟಗಾರರು ಸಹಿ ಹಾಕಿ ಗವರ್ನರ್ ಜೇಮ್ಸ್ ಫರ್ಗ್ಯೂಸನ್ನನಿಗೆ ಮನವಿ ಸಲ್ಲಿಸಿದರು. ಅವರ ವಾದ ಸರಳವಾಗಿತ್ತು. ಪೋಲೊ ಆಡುವವರು ಬೆರಳೆಣಿಕೆಯ ಮಂದಿ. ಅವರಿಗೆ ಕುದುರೆಗಳಿವೆ, ಬೇರೆ ಜಾಗಕ್ಕೆ ಹೋಗಬಲ್ಲರು. ಕ್ರಿಕೆಟ್ ಆಡುವ ಹುಡುಗರು ನೂರಾರು ಮಂದಿ, ಅವರಿಗೆ ಬೇರೆ ಬಯಲಿಲ್ಲ. ಆರಂಭದಲ್ಲಿ ಸರಕಾರ ಅವರ ಮಾತಿಗೆ ಸ್ವಲ್ಪ ಕಿವಿಗೊಟ್ಟಿತು. ಆದರೆ ಜಿಮ್‌ಖಾನಾದ ಸದಸ್ಯರೂ ಸರಕಾರದ ಅಧಿಕಾರಿಗಳೂ ಒಂದೇ ವರ್ಗದವರು. ಅವರ ಒತ್ತಡ ಗೆದ್ದಿತು, ಪೋಲೊ ಮರಳಿ ಬಂದಿತು. ಶಾಪೂರ್ಜಿ ಸೋರಾಬ್ಜಿ ಎಂಬ ಪಾರ್ಸಿ ಆಟಗಾರರು ಈ ಇಡೀ ಪ್ರಕರಣವನ್ನು 1897ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಭಾರತೀಯರೊಬ್ಬರು ಕ್ರಿಕೆಟ್ ಬಗ್ಗೆ ಬರೆದ ಮೊದಲ ಪುಸ್ತಕಗಳಲ್ಲಿ ಇದೂ ಒಂದು. ಆಟದ ದಾಖಲೆಗಳಷ್ಟೇ ಪ್ರಾಮುಖ್ಯ ಅದರಲ್ಲಿ ನೆಲದ ಜಗಳಕ್ಕೂ ಇದೆ.

ಈ ಹೋರಾಟದ ಕಾಲವನ್ನು ಗಮನಿಸಿ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಇದೇ ಮುಂಬಯಿಯಲ್ಲಿ ಸೇರಿದ್ದು 1885ರಲ್ಲಿ. ಮನವಿ ಬರೆಯುವುದು, ಸಹಿ ಕೂಡಿಸುವುದು, ಸರಕಾರದ ಉತ್ತರದಲ್ಲಿರುವ ಅನ್ಯಾಯವನ್ನು ಎತ್ತಿ ತೋರಿಸುವುದು, ಇವೆಲ್ಲವನ್ನೂ ಅದಕ್ಕಿಂತ ನಾಲ್ಕು ವರ್ಷ ಮೊದಲೇ ಆಟದ ಹುಡುಗರು ಮಾಡಿದ್ದರು.

ಕೊನೆಗೆ ಸರಕಾರ ಇನ್ನೊಂದು ದಾರಿ ಹುಡುಕಿತು. 1880ರ ದಶಕದ ಕೊನೆಯಿಂದ 1890ರ ದಶಕದ ಮಧ್ಯದೊಳಗೆ, ಬ್ಯಾಕ್ ಬೇ ಕಡಲ ಅಂಚಿನಲ್ಲಿ ಪಾರ್ಸಿ, ಇಸ್ಲಾಂ ಮತ್ತು ಹಿಂದೂ ಜಿಮ್‌ಖಾನಾಗಳಿಗೆ ಬೇರೆ ಬೇರೆ ನಿವೇಶನ ದೊರೆಯಿತು. ಆಡಲು ನೆಲವೇನೋ ಸಿಕ್ಕಿತು. ಆದರೆ ಎಲ್ಲರೂ ಒಟ್ಟಿಗೆ ಕೇಳಿದ ಬಯಲು ಜಾತಿಮತದ ಲೆಕ್ಕದಲ್ಲಿ ಹಂಚಿಹೋಯಿತು. ಪಂದ್ಯಗಳೂ ಹಾಗೆಯೇ ಬೆಳೆದವು. ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು, 1907ರಿಂದ ಹಿಂದೂಗಳು, 1912ರಿಂದ ಮುಸ್ಲಿಮರು, 1937ರಿಂದ ಉಳಿದವರು ಎಂಬ ಐದನೆಯ ತಂಡ. ಈ ಐದು ತಂಡಗಳ ಪಂದ್ಯಾವಳಿಗೆ ಪೆಂಟಾಂಗ್ಯುಲರ್ ಎಂದು ಹೆಸರು. 1940ರ ಡಿಸೆಂಬರಿನಲ್ಲಿ ಗಾಂಧೀಜಿ ಮತದ ಆಧಾರದ ಮೇಲೆ ತಂಡ ಕಟ್ಟುವುದನ್ನು ಬಹಿರಂಗವಾಗಿ ವಿರೋಧಿಸಿದರು. 1946ರಲ್ಲಿ ಈ ಪಂದ್ಯಾವಳಿ ನಿಂತುಹೋಯಿತು.

ಧಾರವಾಡದಲ್ಲಿ ಹುಟ್ಟಿದ ಬೌಲರ್

ಯುರೋಪಿಯನ್ನರು ಭಾರತೀಯರನ್ನು ಹೊರಗಿಟ್ಟರು ಎಂದು ಹೇಳಿ ಕಥೆಯನ್ನು ಮುಗಿಸುವಂತಿಲ್ಲ. ನಮ್ಮವರು ನಮ್ಮವರನ್ನೇ ಹೊರಗಿಟ್ಟದ್ದೂ ಈ ಮೈದಾನಗಳಲ್ಲಿ ನಡೆದಿದೆ. ಅದಕ್ಕೆ ಸಾಕ್ಷಿ ಪಾಲವಣಕರ್ ಬಾಳೂ ಅವರ ಜೀವನ.

ಬಾಳೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಕೊಂಕಣ ಮೂಲದ ಚಮ್ಮಾರ ಕುಟುಂಬ ಅವರದು. ಪುಣೆಯಲ್ಲಿ ಬೆಳೆದು, ಮೊದಲು ಪಾರ್ಸಿಗಳ ಕ್ರಿಕೆಟ್ ಸಂಘದಲ್ಲಿ, ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ಅಂಕಣ ಗುಡಿಸುವ, ರೋಲರ್ ಎಳೆಯುವ, ಬಲೆ ಕಟ್ಟುವ ಕೆಲಸಕ್ಕೆ ಸೇರಿದರು. ಅಭ್ಯಾಸಕ್ಕೆ ಬರುವ ಇಂಗ್ಲಿಷ್ ಅಧಿಕಾರಿಗಳಿಗೆ ಗಂಟೆಗಟ್ಟಲೆ ಚೆಂಡು ಎಸೆಯುತ್ತ ಎಸೆಯುತ್ತ ಅವರ ಎಡಗೈ ಪಳಗಿತು. ನಿಧಾನಗತಿಯ ಎಡಗೈ ಬೌಲಿಂಗಿನಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಮಾತು ಹಬ್ಬಿತು.

ಪುಣೆಯ ಹಿಂದೂ ತಂಡದವರಿಗೆ ಅವರ ಬೌಲಿಂಗ್ ಬೇಕಾಗಿತ್ತು, ಅವರ ಜೊತೆಗೆ ಊಟ ಬೇಡವಾಗಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವಿರಾಮ ಬಂದಾಗ ಅವರಿಗೆ ಮಾತ್ರ ಹೊರಗೆ, ಮಣ್ಣಿನ ಪಾತ್ರೆಯಲ್ಲಿ ಚಹಾ. ಮುಂದೆ ಬಾಳೂ ಮುಂಬಯಿಗೆ ಬಂದು ಹಿಂದೂ ಜಿಮ್‌ಖಾನಾದ ಪರವಾಗಿ ಆಡಿದರು. 1906ರಲ್ಲಿ ಬಾಂಬೆ ಜಿಮ್‌ಖಾನಾ ಮೈದಾನದಲ್ಲಿ ಹಿಂದೂ ತಂಡ ಯುರೋಪಿಯನ್ ತಂಡವನ್ನು 109 ಓಟಗಳಿಂದ ಸೋಲಿಸಿದಾಗ ಆ ಗೆಲುವಿನ ಮುಖ್ಯ ಶಿಲ್ಪಿಗಳಲ್ಲಿ ಬಾಳೂ ಒಬ್ಬರು. 1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅವರ ತಮ್ಮಂದಿರಾದ ವಿಠಲ ಮತ್ತು ಶಿವರಾಮ ಕೂಡ ಹೆಸರಾಂತ ಆಟಗಾರರು. 1920ರಲ್ಲಿ ನಾಯಕತ್ವದ ವಿಷಯದಲ್ಲಿ ಆದ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರು ತಂಡದಿಂದ ಹೊರಗುಳಿದರು. ಪತ್ರಿಕೆಗಳಲ್ಲಿ ವಾದವಿವಾದ ನಡೆಯಿತು. 1923ರಲ್ಲಿ ವಿಠಲ ಹಿಂದೂ ತಂಡದ ನಾಯಕರಾದರು, ತಂಡ ಆ ವರ್ಷದ ಪಂದ್ಯಾವಳಿಯನ್ನು ಗೆದ್ದಿತು. ಮಣ್ಣಿನ ಪಾತ್ರೆಯ ಚಹಾದಿಂದ ನಾಯಕತ್ವದವರೆಗಿನ ಹಾದಿಗೆ ಒಂದು ಕುಟುಂಬದ ಅಣ್ಣತಮ್ಮಂದಿರ ಕಾಲು ಶತಮಾನಕ್ಕೂ ಹೆಚ್ಚಿನ ದುಡಿಮೆ ಬೇಕಾಯಿತು. ಬಯಲಿಗೆ ಬೇಲಿ ಇಲ್ಲದಿದ್ದರೂ ಮನಸ್ಸಿನಲ್ಲಿ ಬೇಲಿ ಇರಬಹುದು ಎಂಬುದನ್ನು ಬಾಳೂ ಅವರ ಕಥೆ ತಿಳಿಸುತ್ತದೆ.

ಪ್ಲೇಗು ಕಲಿಸಿದ ಪಾಠ

ಬಾಳೂ ಅವರ ಯೌವನದ ದಿನಗಳಲ್ಲೇ ಮುಂಬಯಿಗೆ ದೊಡ್ಡ ವಿಪತ್ತು ಬಂದಿತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಹತ್ತಿರದ ಮಾಂಡವಿ ಬಡಾವಣೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಬದುಕುತ್ತಿದ್ದರು. ಸಾವಿಗೆ ಹೆದರಿ ಲಕ್ಷಾಂತರ ಮಂದಿ ಊರು ಬಿಟ್ಟರು. ಕೋಟೆಯ ಹೊರಗೆ ಬಯಲುಗಳಿದ್ದವು ನಿಜ, ಆದರೆ ಕೂಲಿಯವರ ಕೇರಿಗಳಲ್ಲಿ ಬಯಲಿರಲಿಲ್ಲ.

1898ರಲ್ಲಿ ಸರಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆಯನ್ನು ರಚಿಸಿತು. ಕಡಲ ಗಾಳಿ ಊರೊಳಗೆ ನುಗ್ಗುವಂತೆ ಪೂರ್ವ ಪಶ್ಚಿಮವಾಗಿ ಅಗಲವಾದ ರಸ್ತೆಗಳನ್ನು ಕೊರೆಯುವುದು ಅದರ ಕೆಲಸಗಳಲ್ಲಿ ಒಂದು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹುಟ್ಟಿದ್ದು ಹೀಗೆ. ರಸ್ತೆಗಾಗಿ ಮನೆ ಕಳೆದುಕೊಂಡ ಬಡವರಿಗೆ ಬದಲಿ ಮನೆ ಸಾಕಷ್ಟು ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಉತ್ತರದ ಕಡೆ ದಾದರ್, ಮಾಟುಂಗಾ, ವಡಾಲಾ, ಸಯನ್ ಪ್ರದೇಶಗಳಲ್ಲಿ ಹೊಸ ಬಡಾವಣೆಗಳನ್ನು ಯೋಜಿಸಿದರು. ಅಲ್ಲಿ ಮನೆಗಳ ಜೊತೆಗೆ ಉದ್ಯಾನಗಳಿಗೂ ಜಾಗ ಬಿಟ್ಟರು. ಮಾಟುಂಗಾದ ಫೈವ್ ಗಾರ್ಡನ್ಸ್ ಅದರ ಉದಾಹರಣೆ. ಉದ್ಯಾನ ಎಂಬುದು ಶ್ರೀಮಂತರ ಶೋಕಿ ಎಂದಿದ್ದ ಭಾವನೆ ಹೋಗಿ, ಅದು ಊರಿನ ಆರೋಗ್ಯಕ್ಕೆ ಬೇಕಾದ ವಸ್ತು ಎಂಬ ತಿಳಿವಳಿಕೆ ಬಂದದ್ದು ಈ ಕಾಲದಲ್ಲಿ.

ಮಾಟುಂಗಾ ಎಂದರೆ ಕನ್ನಡಿಗರಿಗೂ ಪರಿಚಿತ ಹೆಸರು. ಅಲ್ಲಿನ ಮೈಸೂರು ಅಸೋಸಿಯೇಷನ್ 1926ರಿಂದ ಕನ್ನಡಿಗರನ್ನು ಒಂದುಗೂಡಿಸುತ್ತ ಬಂದಿದೆ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತರು. ಒಂದು ಕೋಣೆಯಲ್ಲಿ ಏಳೆಂಟು ಮಂದಿ ಮಲಗುವವರಿಗೆ ಊರಿನ ಅಂಗಳದ ಬದಲಿಗೆ ಸಿಕ್ಕಿದ್ದು ಹತ್ತಿರದ ಮೈದಾನ ಮತ್ತು ಕಡಲ ದಂಡೆ. ವಲಸೆ ಬಂದವನಿಗೆ ಟಿಕೆಟಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಕುಳಿತುಕೊಳ್ಳಲು ಸಿಗುವ ಜಾಗ ಎಷ್ಟು ದೊಡ್ಡದು ಎಂಬುದು ಅಂಥ ಕೋಣೆಯಲ್ಲಿ ಇದ್ದವರಿಗೇ ಗೊತ್ತು.

ಮರಳ ದಂಡೆಯಿಂದ ಆಗಸ್ಟ್ ಕ್ರಾಂತಿಗೆ

ಬಯಲಿನಲ್ಲಿ ಆಡಿದ ಜನ ಬಯಲಿನಲ್ಲಿ ಕೂಡುವುದನ್ನೂ ಕಲಿತರು. 1890ರ ದಶಕದಲ್ಲಿ ಲೋಕಮಾನ್ಯ ತಿಲಕರು ಸಾರ್ವಜನಿಕ ಗಣೇಶೋತ್ಸವಕ್ಕೆ ಬಲ ತುಂಬಿದ ಮೇಲೆ ಗಿರ್‌ಗಾಂವ್ ಚೌಪಾಟಿ ಗಣಪತಿ ವಿಸರ್ಜನೆಯ ದೊಡ್ಡ ತಾಣವಾಯಿತು. 1920ರ ಆಗಸ್ಟ್ 1ರಂದು ತಿಲಕರು ಮುಂಬಯಿಯಲ್ಲಿ ತೀರಿಕೊಂಡಾಗ ಜನಸಾಗರವೇ ಹರಿದುಬಂದಿತು. ಎಂದಿನ ಸ್ಮಶಾನವನ್ನು ಬಿಟ್ಟು ವಿಶೇಷ ಅನುಮತಿಯಿಂದ ಚೌಪಾಟಿಯ ಮರಳಿನ ಮೇಲೆಯೇ ಅವರ ಅಂತ್ಯಕ್ರಿಯೆ ನಡೆಯಿತು. ಸಂಜೆಯ ವಿಹಾರಕ್ಕೆಂದು ಬರುತ್ತಿದ್ದ ದಂಡೆ ಅಂದಿನಿಂದ ರಾಷ್ಟ್ರೀಯ ಸ್ಮಾರಕವೂ ಆಯಿತು.

ಹತ್ತು ವರ್ಷಗಳ ಅನಂತರ, 1930ರ ಏಪ್ರಿಲಿನಲ್ಲಿ, ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದರು. ಮುಂಬಯಿಯ ಕಡಲ ತಡಿಯಲ್ಲೂ ಉಪ್ಪು ಕಾಯಿಸಿದರು. ಅದರಲ್ಲಿ ಮುಂದಾಳಾಗಿದ್ದ ಮಹಿಳೆಯರು ಇಬ್ಬರು: ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಅವಂತಿಕಾಬಾಯಿ ಗೋಖಲೆ. ಕಮಲಾದೇವಿಯವರು ಆ ಉಪ್ಪಿನ ಪೊಟ್ಟಣಗಳನ್ನು ಷೇರುಪೇಟೆಯ ಬಾಗಿಲಿಗೇ ಒಯ್ದು ಮಾರಿದರು. ಅದುವರೆಗೆ ಮೈದಾನದ ಇತಿಹಾಸದಲ್ಲಿ ಹೆಣ್ಣುಮಕ್ಕಳ ಹೆಸರು ಕೇಳಿಬರುವುದು ವಿರಳ. ಆಡುವವರು ಗಂಡಸರು, ನೋಡುವವರೂ ಬಹುಪಾಲು ಗಂಡಸರು. 1930ರಲ್ಲಿ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗೂ ಬಯಲಿಗೂ ಬಂದರು, ಲಾಠಿಯ ಏಟು ತಿಂದರು. ಎಸ್‌ಪ್ಲನೇಡಿನ ಒಂದು ಭಾಗಕ್ಕೆ ಆಜಾದ್ ಮೈದಾನ, ಅಂದರೆ ಸ್ವತಂತ್ರ ಮೈದಾನ, ಎಂಬ ಹೆಸರು ನಿಂತದ್ದು ಇಂಥ ಸಭೆಗಳಿಂದಲೇ.

ಅವಂತಿಕಾಬಾಯಿಯವರ ಹೆಸರು ಇನ್ನೊಂದು ಮೈದಾನದೊಂದಿಗೂ ಸೇರಿಕೊಂಡಿದೆ. 1925ರಲ್ಲಿ ನಗರಪಾಲಿಕೆ ಮಾಹಿಮ್ ಪಾರ್ಕ್ ಎಂಬ ಸುಮಾರು 28 ಎಕರೆ ವಿಸ್ತಾರದ ಬಯಲನ್ನು ಸಾರ್ವಜನಿಕರಿಗೆ ತೆರೆದಿತ್ತು. ನಗರಪಾಲಿಕೆಯ ಸದಸ್ಯರಾಗಿದ್ದ ಅವಂತಿಕಾಬಾಯಿಯವರ ಒತ್ತಾಯದಿಂದ 1927ರಲ್ಲಿ ಅದಕ್ಕೆ ಶಿವಾಜಿ ಪಾರ್ಕ್ ಎಂಬ ಹೆಸರು ಬಂದಿತು. ಮುಂದೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಭಾರಿ ಸಭೆಗಳು ಸೇರಿದ್ದು ಅಲ್ಲಿ. ಮಧ್ಯಮವರ್ಗದ ಮನೆಗಳ ನಡುವಿನ ಆ ಬಯಲಿನಲ್ಲಿ ಎಷ್ಟೋ ಟೆಸ್ಟ್ ಆಟಗಾರರು ತಯಾರಾದರು.

1942ರ ಆಗಸ್ಟ್ 8ರಂದು ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ ಸಮಿತಿ ಸೇರಿ, 'ಭಾರತ ಬಿಟ್ಟು ತೊಲಗಿ' ನಿರ್ಣಯವನ್ನು ಅಂಗೀಕರಿಸಿತು. ಬೆಳಗಾಗುವುದರೊಳಗೆ ನಾಯಕರೆಲ್ಲ ಬಂಧಿತರಾದರು. ಮರುದಿನ ಅರುಣಾ ಆಸಫ್ ಅಲಿ ಅದೇ ಮೈದಾನದಲ್ಲಿ ಧ್ವಜ ಏರಿಸಿದರು. ಹಿಂದೆ ಗೋಪಾಲಕರು ದನಗಳಿಗೆ ನೀರು ಕುಡಿಸುತ್ತಿದ್ದ ಕೆರೆಯ ಜಾಗವದು. ಈಗ ಆಗಸ್ಟ್ ಕ್ರಾಂತಿ ಮೈದಾನ. ಇವತ್ತಿಗೂ ಅಲ್ಲಿ ಮಕ್ಕಳು ಆಡುತ್ತಾರೆ.

ಗಿರಣಿಗಳು ಮುಚ್ಚಿದ ಮೇಲೆ

ಸ್ವಾತಂತ್ರ್ಯ ಬಂದೊಡನೆ ಬಯಲಿನ ಪ್ರಶ್ನೆ ಮುಗಿಯಲಿಲ್ಲ. ಮುಂಬಯಿಯ ಮಧ್ಯಭಾಗದ ಪರೇಲ್, ಲಾಲ್‌ಬಾಗ್, ವರಳಿ ಪ್ರದೇಶಗಳು ಬಟ್ಟೆ ಗಿರಣಿಗಳ ನಾಡು. ಅಲ್ಲಿನ ಕಾರ್ಮಿಕರಿಗೆ ತಮ್ಮದೇ ಆದ ಸಂಸ್ಕೃತಿ ಇತ್ತು. ಅಣ್ಣಾಭಾವೂ ಸಾಠೆ, ಅಮರ ಶೇಖ್ ಮುಂತಾದ ಶಾಹಿರರು ತಮಾಷಾ, ಪೋವಾಡಗಳ ಮೂಲಕ ಕೂಲಿಯವರ ಬದುಕನ್ನು ಹಾಡಿದರು. ಇವೆಲ್ಲ ನಡೆದದ್ದು ಚಾಳಿನ ಅಂಗಳದಲ್ಲಿ, ಬೀದಿ ಮೂಲೆಯಲ್ಲಿ, ಪರೇಲಿನ ಕಾಮಗಾರ್ ಮೈದಾನದಂಥ ಬಯಲಿನಲ್ಲಿ. ರಂಗಮಂದಿರದ ಟಿಕೆಟ್ ಕೊಳ್ಳಲಾರದವರಿಗೆ ಬಯಲೇ ರಂಗಮಂದಿರ.

1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುಮಾರು 600 ಎಕರೆ ನೆಲದ ಭವಿಷ್ಯ ಏನು ಎಂಬ ಪ್ರಶ್ನೆ ಎದ್ದಿತು. 1991ರ ಅಭಿವೃದ್ಧಿ ನಿಯಮಗಳು ಒಂದು ಸೂತ್ರವನ್ನು ಹೇಳಿದವು: ಗಿರಣಿಯ ನೆಲವನ್ನು ಹೊಸದಾಗಿ ಬಳಸುವಾಗ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ನಗರಪಾಲಿಕೆಗೆ, ಬಯಲು ಮತ್ತು ಉದ್ಯಾನಗಳಿಗಾಗಿ, ಇನ್ನೊಂದು ಪಾಲು ಸಾರ್ವಜನಿಕ ವಸತಿಗಾಗಿ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ನಿಯಮವನ್ನು ತಿದ್ದಿ, ಕಟ್ಟಡಗಳಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಹಂಚಿಕೆ ಅನ್ವಯಿಸುವಂತೆ ಮಾಡಲಾಯಿತು. ಗಿರಣಿಯ ಆವರಣದಲ್ಲಿ ಬಹುಭಾಗ ಕಟ್ಟಡವೇ ಇರುವುದರಿಂದ ಊರಿಗೆ ಸಿಗುವ ಪಾಲು ತೀರ ಕುಗ್ಗಿತು. ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. 2005ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯ ಅದರ ವಾದವನ್ನು ಒಪ್ಪಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಯಲಾಗಬಹುದಾಗಿದ್ದ ಎಷ್ಟೋ ನೆಲದ ಮೇಲೆ ಇಂದು ಮಾಲುಗಳೂ ಗಗನಚುಂಬಿ ಕಟ್ಟಡಗಳೂ ನಿಂತಿವೆ. 1881ರ ಹುಡುಗರು ಕೇಳಿದ ಪ್ರಶ್ನೆಯೇ ಬೇರೆ ರೂಪದಲ್ಲಿ ಮತ್ತೆ ಬಂದಿತ್ತು. ಈ ಸಲ ಉತ್ತರ ಬಯಲಿನ ಪರವಾಗಿ ಬರಲಿಲ್ಲ.

ಇಂದಿನ ಮೈದಾನ

ಉಳಿದಿರುವ ಬಯಲುಗಳು ಇಂದಿಗೂ ಜೀವಂತವಾಗಿವೆ. ಆಜಾದ್ ಮೈದಾನದಲ್ಲಿ ಒಂದರ ಪಕ್ಕ ಒಂದರಂತೆ 22 ಕ್ರಿಕೆಟ್ ಅಂಕಣಗಳಿವೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಬ್ಯಾಟ್ಸ್‌ಮನ್ನಿನ ಬೆನ್ನ ಹಿಂದೆ ನಿಂತಿರುತ್ತಾನೆ. 1988ರಲ್ಲಿ ಇಲ್ಲಿಯೇ ಶಾಲಾ ಪಂದ್ಯವೊಂದರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ ಜೊತೆಯಾಟದಲ್ಲಿ 664 ಓಟ ಗಳಿಸಿದರು. 2018ರಲ್ಲಿ ಓವಲ್ ಮೈದಾನದ ಎರಡೂ ಬದಿಯ ಕಟ್ಟಡಗಳ ಸಮೂಹ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಕಟ್ಟಡಗಳನ್ನು ಒಟ್ಟಿಗೆ ಕಣ್ತುಂಬ ನೋಡಲು ಸಾಧ್ಯವಾಗಿರುವುದೇ ನಡುವೆ ಬಯಲು ಇರುವುದರಿಂದ.

ಅದೇ 2018ರ ಮಾರ್ಚ್ ತಿಂಗಳಲ್ಲಿ ನಾಸಿಕದಿಂದ ಸಾವಿರಾರು ರೈತರು ಕಾಲ್ನಡಿಗೆಯಲ್ಲಿ ಮುಂಬಯಿಗೆ ಬಂದರು. ಆಗ ಹತ್ತನೆಯ ತರಗತಿಯ ಪರೀಕ್ಷೆಗಳು ನಡೆಯುತ್ತಿದ್ದವು. ಹಗಲು ಮೆರವಣಿಗೆ ಹೊರಟರೆ ರಸ್ತೆ ಕಟ್ಟಿ ಮಕ್ಕಳಿಗೆ ತೊಂದರೆಯಾದೀತೆಂದು ದಣಿದ ಕಾಲುಗಳಲ್ಲೇ ರಾತ್ರಿಯೆಲ್ಲ ನಡೆದು, ಬೆಳಗಾಗುವ ಮುನ್ನ ಆಜಾದ್ ಮೈದಾನ ಸೇರಿದರು. ಊರಿನ ಮಧ್ಯದಲ್ಲಿ ಅವರನ್ನು ಹಿಡಿಸುವಷ್ಟು ಬಯಲು ಇದ್ದದ್ದರಿಂದ ಅದು ಸಾಧ್ಯವಾಯಿತು.

ಬಯಲಿನ ಬಳಕೆಯಲ್ಲಿ ಭಿನ್ನಾಭಿಪ್ರಾಯಗಳಿಲ್ಲವೆಂದಲ್ಲ. ಸಭೆ ಬೇಕೆನ್ನುವವರು, ಆಟ ಬೇಕೆನ್ನುವವರು, ನಿಶ್ಶಬ್ದ ಬೇಕೆನ್ನುವ ಸುತ್ತಲಿನ ನಿವಾಸಿಗಳು, ಎಲ್ಲರೂ ಒಂದೇ ನೆಲವನ್ನು ಬಯಸುತ್ತಾರೆ. 2010ರಲ್ಲಿ ನ್ಯಾಯಾಲಯ ಶಿವಾಜಿ ಪಾರ್ಕನ್ನು ನಿಶ್ಶಬ್ದ ವಲಯವೆಂದು ಸಾರಿದಾಗ ಇದೇ ಚರ್ಚೆ ನಡೆಯಿತು. ಬೇಲಿ ಹಾಕಿ ಹೂಗಿಡ ಬೆಳೆಸಿದರೆ ಬಯಲು ಚೆಂದವಾಗುತ್ತದೆ, ಆದರೆ ಸಂಜೆ ಬಂದು ಮಲಗುವ ಕೂಲಿಯವನು ಹೊರಗುಳಿಯುತ್ತಾನೆ. ಬೇಲಿಯೇ ಇಲ್ಲದಿದ್ದರೆ ಬಯಲು ಕಸದ ಗುಂಡಿಯೋ ಅತಿಕ್ರಮಣದ ಜಾಗವೋ ಆಗುತ್ತದೆ. ಇವೆರಡರ ನಡುವೆ ದಾರಿ ಹುಡುಕುವ ಕೆಲಸ ಪ್ರತಿಯೊಂದು ತಲೆಮಾರಿಗೂ ಇದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲೂ ಒಂದು ಬಯಲು ಇರಬಹುದು. ಸಂತೆಮಾಳ, ಜಾತ್ರೆಯ ಗದ್ದೆ, ಶಾಲೆಯ ಹಿಂದಿನ ಮೈದಾನ, ಕೋಟೆಯ ಮುಂದಿನ ಖಾಲಿ ನೆಲ. ಅದು ಯಾಕೆ ಖಾಲಿ ಉಳಿದಿದೆ, ಹಿಂದೆ ಅಲ್ಲಿ ಏನಿತ್ತು, ಯಾರು ಆಡುತ್ತಿದ್ದರು, ಯಾರಿಗೆ ಪ್ರವೇಶವಿರಲಿಲ್ಲ ಎಂದು ಊರಿನ ಹಿರಿಯರನ್ನು ಕೇಳಿರಿ. ಅವರು ಹೇಳಿದ್ದನ್ನು ಬರೆದಿಡಿರಿ. ನಗರಪಾಲಿಕೆ ಅಥವಾ ಪಂಚಾಯಿತಿಯ ಕಡತಗಳಲ್ಲಿ ಆ ನೆಲ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿರಿ. ಶಾಪೂರ್ಜಿ ಸೋರಾಬ್ಜಿಯವರು ತಮ್ಮ ಬಯಲಿನ ಜಗಳವನ್ನು ಬರೆದಿಟ್ಟದ್ದರಿಂದ ನಾವು ಇಂದು ಅದನ್ನು ತಿಳಿಯುತ್ತಿದ್ದೇವೆ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಮುಂಬಯಿಯ ಎಸ್‌ಪ್ಲನೇಡ್ ಬಯಲು ಉಳಿದದ್ದು ಯಾವ ಕಾರಣಕ್ಕೆ? ಅದು ಯಾವ ಯಾವ ಬಳಕೆಗೆ ಬಂದಿತು?

2. 1881ರ ಆಟಗಾರರ ಮನವಿಗೂ ಆ ಕಾಲದ ರಾಜಕೀಯ ಜಾಗೃತಿಗೂ ಇರುವ ಸಂಬಂಧವನ್ನು ವಿವರಿಸಿರಿ.

3. ಬೇರೆ ಬೇರೆ ಮತದವರಿಗೆ ಬೇರೆ ಬೇರೆ ಮೈದಾನ ಕೊಟ್ಟದ್ದು ಸಮಸ್ಯೆಗೆ ಪರಿಹಾರವಾಯಿತೆ? ಪಾಲವಣಕರ್ ಬಾಳೂ ಅವರ ಅನುಭವವನ್ನು ಗಮನದಲ್ಲಿಟ್ಟು ಉತ್ತರಿಸಿರಿ.

4. ನಿಮ್ಮ ಊರಿನ ಒಂದು ಸಾರ್ವಜನಿಕ ಬಯಲಿನಲ್ಲಿ ಹೆಣ್ಣುಮಕ್ಕಳು ದಿನದ ಯಾವ ಹೊತ್ತಿನಲ್ಲಿ, ಎಷ್ಟು ಸಂಖ್ಯೆಯಲ್ಲಿ ಇರುತ್ತಾರೆ? ಒಂದು ವಾರ ಗಮನಿಸಿ ಪಟ್ಟಿ ಮಾಡಿರಿ.